ನೀರಿನ ಟಾಕಿಯ ಮೇಲಿನ ಸರಕಾರಿ ಸನಾದಿ

ನಿಶಾನಗೇರಾ ಪುರಸಭೆಯ ವ್ಯಾಪ್ತಿಯಲ್ಲಿ ಇಪ್ಪತ್ಮೂರು ವಾರ್ಡುಗಳು, ಹದಿನಾಲ್ಕು ಹತ್ತಿ ಜಿನ್ನುಗಳು, ಒಂದು ನೀರಿನ ಟಾಕಿ ಹಾಗೂ ಆ ಟಾಕಿಯ ಮೇಲೆ ನಾಲ್ಕು ಮಂದಿ ವಾದ್ಯಗಾರರು ಇರುತ್ತಾರೆ ಎಂಬ ಸಂಗತಿಯನ್ನು ಈ ಮೂಲಕ ದಾಖಲಿಸಲಾಗಿದೆ. ಟಾಕಿಯಲ್ಲಿ ನೀರು ಇರುವುದಿಲ್ಲ. ಇದನ್ನು ಯಾರೂ ದೋಷವೆಂದು ತಿಳಿಯಬಾರದು. ಸಾಮಾನ್ಯ ಸಭೆಯ ಠರಾವು ಸಂಖ್ಯೆ ನೂರಾ ಹದಿನೆಂಟರ ಪ್ರಕಾರ ಟಾಕಿಯ ಉದ್ದೇಶವನ್ನು ಬದಲಾಯಿಸಲಾಗಿದೆ.

ಆ ಠರಾವು ಬರೆದ ಕೈ ನನ್ನದೇ. ನಾನು ಕಸ್ತೂರಿ, ದ್ವಿತೀಯ ದರ್ಜೆ ಸಹಾಯಕಿ. ಹತ್ತೊಂಬತ್ತು ವರ್ಷದಿಂದ ಸಭೆಯ ನಡಾವಳಿ ಬರೆಯುತ್ತಾ ಬಂದಿದ್ದೇನೆ. ಸಭೆಯಲ್ಲಿ ಯಾರು ಏನೇ ಅಂದರೂ ಕೊನೆಗೆ 'ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆಯಬೇಕು. ಒಮ್ಮೆ ಇಬ್ಬರು ಸದಸ್ಯರು ಕುರ್ಚಿ ಎತ್ತಿ ಒಬ್ಬರ ತಲಿ ಒಬ್ಬರು ಒಡೆದುಕೊಂಡಾಗಲೂ ಹಾಗೇ ಬರೆದೆ. ನಗುವುದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಮುಖ್ಯಾಧಿಕಾರಿ ವಿಶ್ವರಾಧ್ಯ ಸಾಹೇಬರ ಜರ್ಮನಿ ಪ್ರವಾಸ. ಗಟಾರದ ನೀರನ್ನು ಅಲ್ಲಿ ಹೇಗೆ ಶುದ್ಧ ಮಾಡುತ್ತಾರೆ ಎಂದು ನೋಡಿ ಬರಲು ಅವರನ್ನು ಒಂಬತ್ತು ದಿನ ಕಳಿಸಲಾಗಿತ್ತು. ಮೊದಲ ಎರಡು ದಿನ ಚಳಿಗೆ ಹೋದವು, ಮುಂದಿನ ಎರಡು ದಿನ ಹೊಟ್ಟಿಗೆ ಹೋದವು. ಐದನೇ ದಿನ ಉತ್ತರದ ಕಡೆಯ ಒಂದು ಹಳೆಯ ವ್ಯಾಪಾರಸ್ಥರ ಊರಿನಲ್ಲಿ ಬಸ್ಸು ನಿಂತಿತು. ಚೌಕದ ನಡುವೆ ಎತ್ತರದ ಗೋಪುರ, ಅದರ ಮೇಲೆ ನಾಲ್ಕು ಮಂದಿ ನಿಂತು ಹಿತ್ತಾಳೆ ತುತ್ತೂರಿ ಊದುತ್ತಿದ್ದರು. ಕೆಳಗೆ ಊರ ಜನ ತಲೆಯೆತ್ತಿ ಕೇಳುತ್ತಿದ್ದರು. ಅಷ್ಟು ಮಂದಿ ಒಂದೇ ಕಡೆ ಸೇರಿದ್ದರೂ ಒಬ್ಬನೂ ಪುರಸಭೆಗೆ ಬೈಯುತ್ತಿರಲಿಲ್ಲ. ಸಾಹೇಬರಿಗೆ ಇದು ಬಾಳ ಹಿಡಿಸಿತು.

ಊರು ತೋರಿಸುವವನು ವಿವರ ಹೇಳಿದನಂತೆ. ಮುನ್ನೂರು ವರ್ಷದ ಹಿಂದೆ ಅಂಥ ಊರುಗಳಲ್ಲಿ ವ್ಯಾಪಾರಸ್ಥರ ಸಭೆಯೇ ವಾದ್ಯಗಾರರನ್ನು ಸಂಬಳಕ್ಕೆ ಇಡುತ್ತಿತ್ತು. ಅವರು ಗೋಪುರದ ಮೇಲಿಂದ ಹೊತ್ತು ಹೊತ್ತಿಗೆ ಊದಬೇಕು, ಎಲ್ಲಿಯಾದರೂ ಬೆಂಕಿ ಬಿದ್ದರೆ ಕೂಗಿ ಹೇಳಬೇಕು, ಊರವರ ಮದುವೆಗೆ ಅವರವರ ದರ್ಜೆ ನೋಡಿ ನುಡಿಸಬೇಕು. ಹೊರಗಿನ ವಾದ್ಯಗಾರ ಊರೊಳಗೆ ಬಂದು ಊದಿದರೆ ಶಿಕ್ಷೆ. ಸಾಹೇಬರು ಇದನ್ನೆಲ್ಲ ಇಪ್ಪತ್ತೆಂಟು ಪುಟ ಬರೆದುಕೊಂಡು ಬಂದರು. ಗಟಾರದ ನೀರಿನ ಬಗ್ಗೆ ಕೊನೆಯ ಪುಟದಲ್ಲಿ 'ಅಲ್ಲಿಯೂ ಇದೆ' ಎಂಬ ಎರಡು ಶಬ್ದ ಇದ್ದವು.

ಸಾಮಾನ್ಯ ಸಭೆಗೆ ನೋಟ್‌ಬುಕ್ಕು ಮಂಡಿಸಲಾಯಿತು. ಅಧ್ಯಕ್ಷೆ ಶಿವಬಸಮ್ಮನವರು ಕುರ್ಚಿಯಲ್ಲಿ ಕೂತಿದ್ದರು. ಅವರ ಯಜಮಾನರು ಭೀಮರಾಯ ಸಾಹುಕಾರ್ರು ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದರು. ಇವರಿಗೆ ಊರಲ್ಲಿ ಎರಡು ಜಿನ್ನು, ಮೂರು ನೀರಿನ ಟ್ಯಾಂಕರು. ಅವರು ಮಾತಾಡಿದ್ದನ್ನು ನಾನು 'ಅಧ್ಯಕ್ಷರು ನುಡಿದರು' ಎಂದು ಬರೆಯುವುದು ವಾಡಿಕೆ.

"ನಮ್ದೂ ವ್ಯಾಪಾರಸ್ಥರ ಊರೇ ಅಲ್ಲೇನ್ರಿ?" ಎಂದು ಅಧ್ಯಕ್ಷರು ನುಡಿದರು. "ಅವರು ಮಾಡ್ಯಾರ ಅಂದ್ರ ನಮಗ ಏನು ಧಾಡಿ? ಶಹಾಪುರದವರಿಗೆ ಇಲ್ಲ, ಸುರಪುರದವರಿಗೆ ಇಲ್ಲ, ನಮಗ ಅದ ಅಂದ್ರ ಮರ್ಯಾದಿ ಬ್ಯಾರೇನೇ. ಆ ಮದುವಿ ದರ್ಜಿ ಏನಂತ ಜರಾ ಬಿಡಿಸಿ ಹೇಳ್ರಿ."

"ಮೊದಲನೇ ದರ್ಜೆ ಅಂದ್ರ ದೊಡ್ಡ ವ್ಯಾಪಾರಸ್ಥರು, ಸಭಾದ ಸದಸ್ಯರು. ಅವರಿಗೆ ಆರು ವಾದ್ಯ," ಎಂದು ಸಾಹೇಬರು ನೋಟ್‌ಬುಕ್ಕು ನೋಡಿ ಹೇಳಿದರು. "ಎರಡನೇದ್ದು ಕಸುಬುದಾರರು, ಮೂರು ವಾದ್ಯ. ಮೂರನೇದ್ದು ಕೂಲಿ ಮಂದಿ, ಒಂದು."

"ನಾಲ್ಕನೇದ್ದು?"

"ಅಲ್ಲಿ ನಾಲ್ಕನೇದ್ದು ಇದ್ದಿಲ್ರಿ."

"ನಮ್ಮಲ್ಲಿ ಇರ್ಲಿ. ಎಷ್ಟೇ ಕೆಳಗ ಹೋದ್ರೂ ಇನ್ನೊಂದು ಮೆಟ್ಟಲ ಇರಬೇಕು ನೋಡ್ರಿ."

ನಾಲ್ಕನೇ ದರ್ಜೆಯಲ್ಲಿ ಹೊರಗುತ್ತಿಗೆ ನೌಕರರನ್ನು ಸೇರಿಸಿ, ಅವರ ಮನೆಯ ಮದುವೆಗೆ ವಾದ್ಯ ಇಲ್ಲ, ಚಪ್ಪಾಳೆಗೆ ಅವಕಾಶವಿದೆ ಎಂದು ನಿಯಮ ಮಾಡಲಾಯಿತು. ಮಂಜೂರಾದ ವಾದ್ಯಗಾರರು ನಾಲ್ವರೇ, ಮೊದಲ ದರ್ಜೆಗೆ ಆರು ವಾದ್ಯ ಬೇಕು ಎಂಬ ತೊಡಕು ಬಂತು. ಉಳಿದ ಇಬ್ಬರನ್ನು ಕಾಗದದ ಮೇಲೆ ನೇಮಿಸಿಕೊಂಡರು. ಇಬ್ಬರೂ ಸಾಹುಕಾರ್ರ ಅಕ್ಕನ ಮಕ್ಕಳು. ಹುದ್ದೆ ಖಾಲಿಯಾದರೆ ಹಿಂದಿನ ವಾದ್ಯಗಾರನ ಮಗಳನ್ನು ಮದುವೆಯಾಗುವವನಿಗೇ ಅದನ್ನು ಕೊಡುವ ಪದ್ಧತಿಯೂ ಅಲ್ಲಿ ಕೆಲವು ಊರುಗಳಲ್ಲಿ ಇತ್ತು ಎಂದು ಸಾಹೇಬರು ಓದಿದಾಗ ಹಿರಿಯ ಸದಸ್ಯರೊಬ್ಬರು ತಲೆದೂಗಿ, "ಇದು ನಮ್ಮ ಅನುಕಂಪದ ನೌಕರಿನೇ ಆಯ್ತಲ್ರಿ" ಎಂದರು. ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಗೋಪುರಕ್ಕಾಗಿ ಬಾಳ ಹುಡುಕಬೇಕಾಗಲಿಲ್ಲ. ಏಳನೇ ವಾರ್ಡಿನಲ್ಲಿ ಹನ್ನೊಂದು ವರ್ಷದ ಹಿಂದೆ ಕಟ್ಟಿದ ಟಾಕಿ ಇತ್ತು. ನೂರಾ ಹನ್ನೆರಡು ಮೆಟ್ಟಿಲು, ಮೇಲೆ ಸುತ್ತಲೂ ಕಬ್ಬಿಣದ ಕಟಾಂಜನ. ತಿಂಥಣಿ ಕಡೆ ಕೃಷ್ಣಾ ಹೊಳಿಯಿಂದ ಬರಬೇಕಿದ್ದ ಪೈಪು ಊರು ಎರಡು ಮೈಲು ಇದೆ ಅನ್ನುವಾಗ ಒಬ್ಬರ ತೊಗರಿ ಹೊಲದಲ್ಲಿ ನಿಂತುಬಿಟ್ಟಿತ್ತು. ಹೀಗಾಗಿ ಟಾಕಿಯ ಒಳಗೆ ಇದುವರೆಗೆ ಹೋದ ನೀರೆಂದರೆ ಮಳೆಯದು ಮಾತ್ರ. ಊರಿನ ನಳಕ್ಕೆ ಎಂಟು ದಿನಕ್ಕೊಮ್ಮೆ ಬೋರಿನ ನೀರು ವಾರ್ಡಿನ ಪಾಳಿ ಪ್ರಕಾರ ಬರುತ್ತಿತ್ತು. ನೀರು ಬಿಡುವ ಮುಂಚೆ ಟಾಕಿಯ ಮೇಲಿನ ಭೋಂಗಾ ಕೂಗುತ್ತಿತ್ತು. ಆ ಭೋಂಗಾ ಯುಗಾದಿ ಮುಂದೆ ಸುಟ್ಟುಹೋಗಿತ್ತು.

ವಾದ್ಯಗಾರರ ಆಯ್ಕೆಗೆ ಒಂದೇ ಮೇಳ ಬಂತು, ಭಾಗಣ್ಣನದು. ಭಾಗಣ್ಣ ಸನಾದಿ, ಆಸೀಫ್ ಕ್ಲಾರಿಯೋನೆಟ್, ಜೈಭೀಮ ಡೋಲು, ಭೀಮು ಶ್ರುತಿ. ಭಾಗಣ್ಣನ ಅಜ್ಜನೂ ಸನಾದಿಯವನು, ಅಪ್ಪನೂ ಸನಾದಿಯವನು. ಸುತ್ತಲ ನಲವತ್ತು ಹಳ್ಳಿಯ ಮದುವೆಯ ಹಂದರದಾಗ ಇವನ ಉಸಿರು ಇದೆ. ಆದರೆ ಡಿಜೆ ಡಬ್ಬಿಗಳು ಬಂದ ಮೇಲೆ ಸನಾದಿ ಕರೆಯುವವರು ಕಡಿಮೆಯಾದರು. ಮೇಲಾಗಿ ಮಗಳು ನಂದಿನಿಯ ಸಂಬಂಧ ನಡೆದಿತ್ತು. ಬೀಗರು 'ಹುಡುಗಿ ಅಪ್ಪ ಏನು ಮಾಡ್ತಾನ' ಎಂದು ಕೇಳಿದರೆ 'ಪುರಸಭಾದಾಗ ಇದ್ದಾನ' ಅನ್ನಬಹುದು ಎಂಬ ಆಸೆಗೆ ಅವನು ಅರ್ಜಿ ಹಾಕಿದ.

ಪರೀಕ್ಷೆ ತೆಗೆದುಕೊಂಡವರು ಕಿರಿಯ ಅಭಿಯಂತರ ಚೇತನಕುಮಾರ. ಕಚೇರಿಯಲ್ಲಿ ಅಳೆಯುವ ಸಾಮಾನು ಇರುವುದು ಅವರ ಬಳಿ ಮಾತ್ರ. ಅವರು ಪೈಪಿನ ಒತ್ತಡ ನೋಡುವ ಮೀಟರನ್ನು ರಬ್ಬರ್ ನಳಿಗೆಗೆ ಸಿಗಿಸಿ, "ಊದು" ಅಂದರು.

"ಇದಕ್ಕೇನು ಊದೂದ್ರಿ? ಸನಾದಿ ತಂದೀನಿ. ರಾಗ ಕೇಳ್ರಿ," ಎಂದ ಭಾಗಣ್ಣ.

"ರಾಗ ನನ್ನ ವ್ಯಾಪ್ತಿಗೆ ಬರಂಗಿಲ್ಲ. ಒತ್ತಡ ಬರ್ತದ."

ಭಾಗಣ್ಣ ಗಲ್ಲ ಉಬ್ಬಿಸಿ ಊದಿದ. ಮುಳ್ಳು ಎದ್ದು ಕೊನೆಗೆ ಬಡಿಯಿತು. ಆ ಮೀಟರಿನ ಮುಳ್ಳು ಅಲುಗಾಡಿದ್ದನ್ನು ಅಭಿಯಂತರರು ತಮ್ಮ ಸೇವಾವಧಿಯಲ್ಲಿ ಮೊದಲ ಸಲ ನೋಡಿದರು. 'ನಮ್ಮ ಪೈಪುಗಳಲ್ಲಿ ಇದುವರೆಗೆ ಕಂಡುಬಾರದ ಒತ್ತಡ ಅಭ್ಯರ್ಥಿಯಲ್ಲಿ ಕಂಡುಬಂದಿದೆ' ಎಂದು ವರದಿ ಕೊಟ್ಟರು. ನಾಲ್ವರನ್ನೂ ಹೊರಗುತ್ತಿಗೆಯ ಮೇಲೆ ತೆಗೆದುಕೊಳ್ಳಲಾಯಿತು. ಅವರ ವಾದ್ಯಗಳನ್ನು ಜಪ್ತು ಮಾಡಿ ಸಾಮಾನಿನ ವಹಿಗೆ ಏರಿಸಿ, ಪ್ರತಿಯೊಂದರ ಮೇಲೆ ಹಳದಿ ಬಣ್ಣದಲ್ಲಿ ನಂಬರು ಬರೆಸಲಾಯಿತು. ಭಾಗಣ್ಣನ ಅಜ್ಜನ ಸನಾದಿಗೆ ನಲವತ್ತೇಳನೇ ನಂಬರು ಬಂತು, ನಲವತ್ತಾರು ಮುರಿದ ಬೆಂಚು. ಬಣ್ಣ ಒಂದು ತೂತಿನ ಮೇಲೂ ಬಿದ್ದಿತ್ತು. ಅವನು ಮೂರು ದಿನ ಸೂಜಿ ಹಿಡಿದು ಕೆರೆದು ತೆಗೆದ.

ಹಾಜರಾತಿಗೆ ಹೆಬ್ಬಟ್ಟಿನ ಯಂತ್ರ ಟಾಕಿಯ ಬುಡದಲ್ಲಿ ಇತ್ತು. ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ. ಆದಕಾರಣ ಪ್ರತಿ ತಾಸಿಗೊಮ್ಮೆ ವಾದ್ಯಗಾರರು ಕೆಳಗಿಳಿದು ಹೆಬ್ಬಟ್ಟು ಒತ್ತಿ, ಮತ್ತೆ ಮೇಲೆ ಹತ್ತಿ, ತಾಸು ಹೊಡೆಯುವ ಹೊತ್ತಿಗೆ ಊದತಕ್ಕದ್ದು ಎಂದು ಆದೇಶವಾಯಿತು. "ಜರ್ಮನಿಯೊಳಗ ಅವರು ಇಳಿತಿದ್ರೇನ್ರಿ?" ಎಂದು ಡೋಲು ಹೊರುವ ಜೈಭೀಮ ಕೇಳಿದ. ಅಲ್ಲಿ ಹೆಬ್ಬಟ್ಟಿನ ಯಂತ್ರ ಇರಲಿಲ್ಲ, ಅದಕ್ಕೇ ಆ ಪದ್ಧತಿ ನಿಂತುಹೋಯಿತು ಎಂದು ಸಾಹೇಬರು ತಿಳಿಸಿದರು.

ಉದ್ಘಾಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೊದಲ ಊದು. ಭಾಗಣ್ಣ ಸನಾದಿ ಬಾಯಿಗಿಟ್ಟು ಇನ್ನೂ ಅರ್ಧ ನಿಮಿಷ ಆಗಿರಲಿಲ್ಲ, ಇಪ್ಪತ್ಮೂರು ವಾರ್ಡಿನ ಹೆಣ್ಣುಮಕ್ಕಳು ಕೊಡ ತಗೊಂಡು ಓಡಿ ಬಂದು ನಳದ ಮುಂದೆ ನಿಂತರು. ಟಾಕಿಯ ಮೇಲಿಂದ ಸಪ್ಪಳ ಬಂತು ಅಂದರೆ ನೀರು ಬಂತು ಎಂದು ಅವರಿಗೆ ರೂಢಿ. ನಲವತ್ತು ನಿಮಿಷ ನಿಂತರೂ ನೀರು ಬರಲಿಲ್ಲ. ಏಳನೇ ವಾರ್ಡಿನ ದಾವಲಬೀ ಎಂಬುವರು ಖಾಲಿ ಕೊಡ ಹಿಡಿದುಕೊಂಡೇ ಕಚೇರಿಗೆ ಬಂದರು.

"ಏನ್ರೀ ಇದು, ಒಲಿ ಮ್ಯಾಲಿನ ರೊಟ್ಟಿ ಬಿಟ್ಟು ಓಡಿ ಬಂದೀನಿ. ಮದುವಿ ಇಲ್ಲ, ಮುಂಜಿವಿ ಇಲ್ಲ, ಯಾರ ಸಲುವಾಗಿ ಊದಾಕತ್ತೀರಿ?"

"ನಾಗರಿಕರ ಸಲುವಾಗಿರಿ," ಎಂದರು ಅಭಿಯಂತರರು.

"ನಾಗರಿಕರಿಗೆ ನೀರು ಬಿಡ್ರಿ ಮೊದಲು!"

ದೂರನ್ನು ಸಭೆಯ ಮುಂದೆ ಇಡಲಾಯಿತು. ಸಾಹುಕಾರ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಇಡೀ ಊರು ಕೊಡ ಹಿಡಕೊಂಡು ಒಂದ ಹೊತ್ತಿಗೆ ಬೀದಿಗೆ ಬಂತೇನ್ರಿ?" ಎಂದು ಕೇಳಿದರು. ಬಂತು ಎಂದು ಅಭಿಯಂತರರು ದೃಢಪಡಿಸಿದರು. "ಹಂಗಾದ್ರ ಭೋಂಗಾದ ಬದಲಿ ಇದನ್ನೇ ಇಡ್ರಿ. ನೀರಿನ ಪಾಳಿಗೊಂದು ರಾಗ," ಎಂದು ಅಧ್ಯಕ್ಷರು ನುಡಿದರು. ಮರುದಿನದಿಂದ ರಾಗ ಕೇಳಿದ ಕಾಲು ತಾಸಿಗೆ ಸಾಹುಕಾರ್ರ ಟ್ಯಾಂಕರು ನೀರು ಮಾರಲು ಆ ವಾರ್ಡಿಗೆ ಹೋಗತೊಡಗಿತು. ಹೆಣ್ಣುಮಕ್ಕಳು ಹೇಗೂ ಕೊಡ ಹಿಡಿದು ನಿಂತಿರುತ್ತಿದ್ದರು, ಕರೆಯುವ ತ್ರಾಸು ಉಳಿಯಿತು. ಅದೇ ತಿಂಗಳು ಬೋರಿನ ಮೋಟಾರು ಸುಟ್ಟು ರಿಪೇರಿಗೆ ಹೋಯಿತು. ಅದು ಇನ್ನೂ ರಿಪೇರಿಯಲ್ಲಿದೆ.

ಪಾಳಿಯ ವಹಿಯಲ್ಲಿ ಮೊದಲು 'ನೀರು ಬಿಡಲಾಗಿದೆ' ಎಂಬ ಕಾಲಂ ಇತ್ತು. ಅದನ್ನು 'ನೀರಿನ ಸೂಚನೆ ನೀಡಲಾಗಿದೆ' ಎಂದು ತಿದ್ದಲಾಯಿತು. ಆ ವರ್ಷ ನಮ್ಮ ಪುರಸಭೆಯ ನೀರು ಸರಬರಾಜು ನೂರಕ್ಕೆ ನೂರು ಆಯಿತು.

ಯಾವ ರಾಗ ಎಂಬ ಪ್ರಶ್ನೆಯೂ ಬಂದಿತ್ತು. "ನೀರಿಗೆ ಸಂಬಂಧಪಟ್ಟದ್ದು ಊದು" ಎಂದು ಅಭಿಯಂತರರು ಆದೇಶಿಸಿದರು. ಭಾಗಣ್ಣ ತಲೆ ಕೆರೆದುಕೊಂಡು, "ನೀರಿಂದು ಅಂದ್ರ ನಮಗ ಒಂದ ಗೊತ್ರಿ. ಸುರಗಿದು," ಎಂದ. ನಮ್ಮ ಕಡೆ ಮದುವೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಅರಿಷಿಣ ಹಚ್ಚಿದ ಮದುಮಗಳನ್ನು ಕೂಡಿಸಿ ನೀರು ಹಾಕುತ್ತಾರೆ. ಅದೇ ಸುರಗಿ. ಆ ಹೊತ್ತಿಗೆ ಊದುವ ಒಂದು ಧಾಟಿ ಇದೆ, ಅದನ್ನು ಬೇರೆ ಹೊತ್ತಿಗೆ ಯಾರೂ ಊದುವುದಿಲ್ಲ. ಭಾಗಣ್ಣ ಮನಸ್ಸಿಲ್ಲದೇ ಊದಿದ. ಅಭಿಯಂತರರು ಅದನ್ನು 'ನೀರಿನ ಸೂಚನಾ ಧ್ವನಿ, ಸಂಖ್ಯೆ ಒಂದು' ಎಂದು ಮಂಜೂರು ಮಾಡಿದರು.

ಇಷ್ಟರಲ್ಲಿ ನಂದಿನಿಯ ಮದುವೆ ಗೊತ್ತಾಯಿತು. ವರ ಕಡೇಚೂರಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಇರುವ ಬಸವಕುಮಾರ. ಮಾವ ಪುರಸಭೆಯವನು ಎಂಬುದು ಬೀಗರಿಗೆ ಖುಷಿ. ಶುಕ್ರವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸುರಗಿ, ಹನ್ನೆರಡೂವರಿಗೆ ತಾಳಿ ಕಟ್ಟುವ ಹೊತ್ತಿನ ಅಕ್ಕಿಕಾಳು. ಭಾಗಣ್ಣ ನನ್ನ ಮೇಜಿನ ಮುಂದೆ ಬಂದು ಅರ್ಜಿ ಇಟ್ಟ. ಮಗಳ ಮದುವೆಗೆ ಸನಾದಿ ಊದಲು ಅನುಮತಿ ಬೇಕು ಎಂದು ಇತ್ತು.

"ಅಕ್ಕೋರ, ಎರಡು ಸಾವಿರ ಹೆಣ್ಣುಮಕ್ಕಳಿಗೆ ಸುರಗಿ ಊದೀನಿ," ಎಂದ. "ನಂದಿನಿ ಐದು ವರ್ಷದಾಕಿ ಇದ್ದಾಗಿಂದ, ನಾ ಸನಾದಿ ಚೀಲ ಹೆಗಲಿಗೆ ಹಾಕಿದೆ ಅಂದ್ರ ಬಾಗಲಾಗ ನಿಂತು ಕೇಳ್ತಿದ್ಳು. 'ನನ್ನ ಮದುವಿಗೂ ಊದ್ತೀಯಿಲ್ಲೋ ಎಪ್ಪಾ?' ಅಂತ. ಪ್ರತಿ ಸಲ ಹ್ಞೂಂ ಅಂದೀನಿ. ಒಂದು ಸಲ ಸಾಕ್ರಿ ನನಗ."

ಅರ್ಜಿಯನ್ನು ನಿಯಮಾನುಸಾರ ಮೇಲೆ ಕಳಿಸಿದೆ. ಮೂರು ದಿನಕ್ಕೆ ತಿರುಗಿ ಬಂತು. ಅರ್ಜಿದಾರ ಹೊರಗುತ್ತಿಗೆ ನೌಕರನಾದ್ದರಿಂದ ನಾಲ್ಕನೇ ದರ್ಜೆ. ನಾಲ್ಕನೇ ದರ್ಜೆಗೆ ವಾದ್ಯವಿಲ್ಲ. ಸನಾದಿ ಪುರಸಭೆಯ ನಲವತ್ತೇಳನೇ ಸಾಮಾನು, ಅದನ್ನು ಖಾಸಗಿ ಕೆಲಸಕ್ಕೆ ಬಳಸಿದರೆ ಶಿಸ್ತುಕ್ರಮ. ಹಾಗಾದರೆ ಸುರಪುರದಿಂದ ಬೇರೆ ಸನಾದಿಯವರನ್ನು ಕರೆಸಲೇ ಎಂದು ಅವನು ಎರಡನೇ ಅರ್ಜಿ ಹಾಕಿದ. ಹೊರಗಿನ ವಾದ್ಯಗಾರ ಊರ ಹದ್ದಿನಲ್ಲಿ ಊದಿದರೆ ವಾದ್ಯ ಜಪ್ತು ಎಂದು ಉತ್ತರ ಬಂತು. ಮೂರನೇ ಅರ್ಜಿಯಲ್ಲಿ 'ನಾನು ವಾದ್ಯಗಾರ ಅಂತ ಅಲ್ಲ, ತಂದೆ ಅಂತ ಊದುತ್ತೇನೆ' ಎಂದು ಬರೆಸಿದ. ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ 'ತಂದೆ' ಎಂಬ ಹುದ್ದೆ ಇರುವುದಿಲ್ಲ ಎಂದು ಅಭಿಯಂತರರು ಷರಾ ಬರೆದರು.

ಅವನು ಸಾಹೇಬರ ಚೇಂಬರಿಗೇ ಹೋಗಿ ಕೈಮುಗಿದು ನಿಂತ. ವಿಶ್ವರಾಧ್ಯ ಸಾಹೇಬರು ಕೆಟ್ಟವರಲ್ಲ. ನೋಟ್‌ಬುಕ್ಕಿನ ಇಪ್ಪತ್ತೆಂಟು ಪುಟವನ್ನೂ ತಿರುವಿ ನೋಡಿದರು. "ಅಲ್ಲಿ ವಾದ್ಯಗಾರರು ತಮ್ಮ ಸ್ವಂತ ಮಕ್ಕಳ ಮದುವಿಗೆ ಊದ್ತಿದ್ರೋ ಇಲ್ಲೋ, ಅದನ್ನ ನಾ ಕೇಳಿಲ್ಲ ನೋಡು ಭಾಗಣ್ಣ," ಎಂದು ಪೇಚಾಡಿದರು. ಸ್ಪಷ್ಟನೆ ಕೋರಿ ಆ ಜರ್ಮನ್ ಪಟ್ಟಣಕ್ಕೆ ಪತ್ರ ಬರೆಸಿದರು. ಪತ್ರವನ್ನು ಕನ್ನಡದಲ್ಲಿ ನಾನೇ ಬರೆದೆ, ಸಾದಾ ಟಪಾಲಿನಲ್ಲಿ ಹೋಯಿತು. ಉತ್ತರ ನಿರೀಕ್ಷೆಯಲ್ಲಿದೆ.

ಅದೇ ವಾರ ಸಾಹುಕಾರ್ರ ಅಣ್ಣನ ಮಗಳು ದಾನೇಶ್ವರಿಯ ಮದುವೆ ಮೊದಲ ದರ್ಜೆಯಲ್ಲಿ ಜರುಗಿತು. ಭಾಗಣ್ಣ ಅವಳ ಸುರಗಿಗೆ ಊದಿದ, ಅಕ್ಕಿಕಾಳಿಗೆ ಊದಿದ, ಊಟದ ಪಂಕ್ತಿಗೂ ಊದಿದ. ಕಾಗದದ ಮೇಲಿನ ಇಬ್ಬರು ವಾದ್ಯಗಾರರಿಗೆ ಎರಡು ಖಾಲಿ ಕುರ್ಚಿ ಹಾಕಿ, ಹಾರ ಹಾಕಿ, ಬಟ್ಟೆಯ ಆಹೇರಿ ಕೊಡಲಾಯಿತು. ಭಾಗಣ್ಣ ಸಂಜೆ ಕಚೇರಿಗೆ ಬಂದು ಸನಾದಿ ಜಮಾ ಮಾಡಿ ಸಹಿ ಹಾಕಿದ. ಬಾಗಿಲಲ್ಲಿ ತಿರುಗಿ ನಿಂತು, "ಆಕಿಗೆ ಏನು ಹೇಳ್ಲಿರಿ ಅಕ್ಕೋರ?" ಎಂದಷ್ಟೇ ಕೇಳಿ ಹೋದ.

ನನಗೆ ಸಿಟ್ಟು ಬಂತು. ಅಯ್ಯಯ್ಯ, ಮೈ ಎಲ್ಲಾ ಉರಿಯಿತು. ಸಿಟ್ಟು ಬಂದಾಗ ಬೇರೆಯವರು ಬೈಯುತ್ತಾರೆ, ನಾನು ಕಡತ ಓದುತ್ತೇನೆ. ಮನೆಗೂ ಹೋಗದೆ ವಾದ್ಯ ನಿಯಮಾವಳಿ ಮೊದಲಿಂದ ಕೊನೆತನಕ ಓದಿದೆ. ಮದುವೆಗೆ ದರ್ಜೆ ಇದೆ, ಮೆರವಣಿಗೆಗೆ ದರ್ಜೆ ಇದೆ, ಸತ್ತವರನ್ನು ಒಯ್ಯುವುದಕ್ಕೂ ಇದೆ. ನೀರಿನ ಸೂಚನಾ ಧ್ವನಿಗೆ ಮಾತ್ರ ದರ್ಜೆ ಇಲ್ಲ. ನೀರು ಎಲ್ಲ ದರ್ಜೆಯ ನಾಗರಿಕರಿಗೂ ಸಮಾನ ಎಂದು ಸ್ಪಷ್ಟವಾಗಿ ಬರೆಯಲಾಗಿತ್ತು. ಬರದೇ ಇರುವ ನೀರಿನಲ್ಲಿ ಭೇದ ಮಾಡುವುದು ಯಾರಿಗೂ ಹೊಳೆದಿರಲಿಲ್ಲ.

ಭಾಗಣ್ಣನ ಮನೆ ಇರುವ ಏಳನೇ ವಾರ್ಡಿನ ಪಾಳಿ ಮಂಗಳವಾರ ಇತ್ತು. ಮುಹೂರ್ತ ಬದಲಿಸುವ ಅಧಿಕಾರ ಪುರಸಭೆಗೆ ಇಲ್ಲ. ಪಾಳಿ ಬದಲಿಸುವ ಅಧಿಕಾರ ಇದೆ. 'ತಾಂತ್ರಿಕ ಕಾರಣಗಳಿಂದಾಗಿ ಏಳನೇ ವಾರ್ಡಿನ ಪಾಳಿಯನ್ನು ಶುಕ್ರವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನಿಗದಿಪಡಿಸಬಹುದು' ಎಂದು ಟಿಪ್ಪಣಿ ಬರೆದೆ. ತಾಂತ್ರಿಕ ಎಂಬ ಶಬ್ದ ಇದ್ದ ಕಡೆ ಅಭಿಯಂತರರು ಓದದೇ ಸಹಿ ಹಾಕುತ್ತಾರೆ. ಅಭಿಯಂತರರ ಸಹಿ ಇದ್ದ ಕಡೆ ಸಾಹೇಬರು ಹಾಕುತ್ತಾರೆ. ಸಾಹುಕಾರ್ರು ಮಾತ್ರ ನನ್ನನ್ನು ಕರೆಸಿದರು.

"ಶುಕ್ರವಾರ ಯಾಕ ಕಸ್ತೂರವ್ವ?"

"ಅವತ್ತು ವಾರ್ಡಿನ್ಯಾಗ ಒಂದು ಮದುವಿ ಅದರಿ. ಮಂದಿ ಬಾಳ ಕೂಡ್ತಾರ. ನೀರು ಬಾಳ ಬೇಕಾಗ್ತದ."

ಸಾಹುಕಾರ್ರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ನಡಾವಳಿ ಬಿಟ್ಟರೆ ಬೇರೇನೂ ಇರಲಿಲ್ಲ. "ಶಾಣ್ಯಾಕಿ ಇದ್ದಿ," ಎಂದು ಎರಡು ಟ್ಯಾಂಕರು ನಿಲ್ಲಿಸಲು ಹೇಳಿದರು.

ಶುಕ್ರವಾರ ಟಾಕಿಯ ಬುಡದಲ್ಲೇ ಹಂದರ ಹಾಕಿದ್ದರು. ಪಾಳಿಯ ವಹಿಗೆ ಐದು ಮಂದಿ ನಾಗರಿಕರ ಸಹಿ ಬೇಕಾಗುತ್ತದೆ, ಆದ್ದರಿಂದ ನಾನೂ ಕರ್ತವ್ಯದ ಮೇಲೆ ಹೋಗಿದ್ದೆ. ಇಡೀ ವಾರ್ಡು ಬಂದಿತ್ತು. ಒಂದು ಕೈಯಲ್ಲಿ ಆಹೇರಿ, ಇನ್ನೊಂದು ಕೈಯಲ್ಲಿ ಕೊಡ. ಸುರಗಿಯ ನಾಲ್ಕು ತಂಬಿಗೆಯ ಹಿಂದೆ ಪ್ಲಾಸ್ಟಿಕ್ ಕೊಡಗಳ ಸಾಲು ನಳದ ತನಕ ಹೋಗಿತ್ತು. ಒಂಬತ್ತು ಇಪ್ಪತ್ತಕ್ಕೆ ಭಾಗಣ್ಣ ಹೆಬ್ಬಟ್ಟು ಒತ್ತಲು ಕೆಳಗಿಳಿದು ಬಂದ. ಹೊಸ ಧೋತರ ಉಟ್ಟಿದ್ದ, ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಹತ್ತು ಹೆಜ್ಜೆಯ ಆಚೆ ಅರಿಷಿಣ ಹಚ್ಚಿಕೊಂಡು ನಂದಿನಿ ಕೂತಿದ್ದಳು.

"ಎಪ್ಪಾ!" ಎಂದಳು ನಂದಿನಿ. "ಎಲ್ಲಿಗಿ ಹೊಂಟಿ? ಇಲ್ಲೇ ನಿಂದ್ರು!"

"ಮ್ಯಾಲ ಹೋಗ್ತೀನಿ ಯವ್ವಾ. ಅಲ್ಲಿಂದ ಊದಿದ್ರ ಮಾತ್ರ ನಡೀತದ," ಎಂದ ಅವನು. ಹೊತ್ತಾಗಿತ್ತು. ನೂರಾ ಹನ್ನೆರಡು ಮೆಟ್ಟಿಲು ಹತ್ತಬೇಕಿತ್ತು. ತಿರುಗಿ ನೋಡದೇ ಹತ್ತಿದ.

ಸರಿಯಾಗಿ ಒಂಬತ್ತು ನಲವತ್ತಕ್ಕೆ ನೀರಿನ ಸೂಚನಾ ಧ್ವನಿ ಸಂಖ್ಯೆ ಒಂದು ಆರಂಭವಾಯಿತು. ಅದನ್ನು ನಾನು ಅದಕ್ಕೂ ಮುಂಚೆ ನೂರು ಸಲ ಕೇಳಿ ವಹಿಯಲ್ಲಿ ಬರೆದುಕೊಂಡಿದ್ದೆ. ಅವತ್ತು ಬರೆಯಲು ಕೈ ಬರಲಿಲ್ಲ. ಖಾಲಿ ಟಾಕಿ ಒಳಗಿಂದ ಗುಂಯ್ ಅನ್ನುತ್ತಿತ್ತು. ಆಸೀಫ್ ಹಿಂದೆ ನಿಂತು ಹಿಡಿದ, ಜೈಭೀಮ ಡೋಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದ, ಭೀಮು ಶ್ರುತಿ ಬಿಡಲಿಲ್ಲ. ಭಾಗಣ್ಣ ಆ ಧಾಟಿಯನ್ನು ಎಂದಿನಂತೆ ಐದು ನಿಮಿಷಕ್ಕೆ ಮುಗಿಸದೆ ಇಪ್ಪತ್ತೈದು ನಿಮಿಷ ಎಳೆದ. ದರ್ಜೆ ಪ್ರಮಾಣಪತ್ರ ಇಲ್ಲದ ನಾಲ್ಕು ನೂರು ಮಂದಿ ಕೊಡ ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ನಳದಲ್ಲಿ ಒಂದು ಹನಿ ಬರಲಿಲ್ಲ, ಯಾರೂ ನಳದ ಕಡೆ ನೋಡಲೂ ಇಲ್ಲ. ದಾವಲಬೀ ಟ್ಯಾಂಕರಿನಿಂದ ಮೊದಲ ಕೊಡ ತುಂಬಿಕೊಂಡು ಬಂದು ನಂದಿನಿಯ ತಲೆಯ ಮೇಲೆ ಹಾಕಿದರು. ನಂದಿನಿ ನೀರು ಸುರಿಯುವ ಮುಖವನ್ನು ಮೇಲೆತ್ತಿ ಹಂದರದಾಚೆಯ ಟಾಕಿಯ ಕಡೆ ನೋಡಿದಳು, ಕೈ ಬೀಸಿದಳು.

ಹನ್ನೆರಡೂವರಿಗೆ ಅಕ್ಕಿಕಾಳು. ಆಗ ಪಾಳಿ ಮುಗಿದಿದ್ದರಿಂದ ವಾದ್ಯ ಇರಲಿಲ್ಲ. ನಾಲ್ಕನೇ ದರ್ಜೆಗೆ ಇರುವ ಚಪ್ಪಾಳೆಯ ಅವಕಾಶವನ್ನು ವಾರ್ಡಿನ ಜನ ಪೂರ್ತಿಯಾಗಿ ಬಳಸಿಕೊಂಡರು. ಹನ್ನೆರಡರ ತಾಸು ಊದಿ ಇಳಿದು ಬಂದ ಭಾಗಣ್ಣ ಎಲ್ಲರ ಜೊತೆ ನಾಲ್ಕು ಕಾಳು ಹಾಕಿ ನನ್ನ ಹತ್ತಿರ ಬಂದ.

"ಅಕ್ಕೋರ, ಊದೂವಾಗ ಮ್ಯಾಲಿಂದ ಬರೇ ಹಂದರದ ತಲಿ ಕಂಡಿತ್ರಿ. ನನ್ನ ಮಗಳು ಏನು ಮಾಡಿದ್ಳು? ಅತ್ತಳೇನು?"

"ಇಲ್ಲ ಭಾಗಣ್ಣ. ನಕ್ಕಳು."

"ಖರೇನೇನ್ರಿ?"

ಅವನು ನಂಬಲಿಲ್ಲ ಎಂದು ನನಗೆ ಅನಿಸಿತು. ಹತ್ತೊಂಬತ್ತು ವರ್ಷ ಸುಳ್ಳು ಬರೆದವಳ ಬಾಯಿಮಾತು ಯಾರು ನಂಬಬೇಕು? ಪಾಳಿಯ ವಹಿ ತೆರೆದೆ. 'ಏಳನೇ ವಾರ್ಡು, ನೀರಿನ ಸೂಚನೆ ನೀಡಲಾಗಿದೆ' ಎಂಬುದರ ಮುಂದೆ ಷರಾ ಎಂಬ ಕಾಲಂ ಇರುತ್ತದೆ, ಅಲ್ಲಿ ಯಾರೂ ಏನೂ ಬರೆಯುವುದಿಲ್ಲ. ಅವನ ಮುಂದೆಯೇ 'ಮಗಳು ನಕ್ಕಳು' ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿದೆ. ಭಾಗಣ್ಣ ಆ ಎರಡು ಶಬ್ದದ ಮೇಲೆ ಬೆರಳಾಡಿಸಿದ. ಒಂದರ ತಾಸಿಗೆ ಊದಬೇಕಿತ್ತು, ಹೆಬ್ಬಟ್ಟು ಒತ್ತಿ ಮೇಲೆ ಹೋದ.

ಮಾರ್ಚಿನಲ್ಲಿ ಕಲಬುರಗಿ ಕಡೆಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಪಾಳಿಯ ವಹಿಯನ್ನು ಎರಡು ದಿನ ನೋಡಿದರು. ಶುಕ್ರವಾರದ ಆ ಸಾಲಿಗೆ ಬಂದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ಆಮೇಲೆ ಹಸಿರು ಶಾಯಿಯಲ್ಲಿ ಟಿಕ್ ಹಾಕಿದರು. ವರದಿಯಲ್ಲಿ ಅವರ ಆಕ್ಷೇಪಣೆ ಒಂದೇ ಇತ್ತು: 'ನಾಗರಿಕರ ತೃಪ್ತಿಯನ್ನು ಒಂದು ಪಾಳಿಯಲ್ಲಿ ಮಾತ್ರ ದಾಖಲಿಸಿದ್ದು, ಉಳಿದ ಪಾಳಿಗಳಲ್ಲಿ ಷರಾ ಖಾಲಿ ಬಿಡಲಾಗಿದೆ. ಸರಿಪಡಿಸತಕ್ಕದ್ದು.'

ಸರಿಪಡಿಸಲಾಗಿದೆ. ಈಗ ಪ್ರತಿ ನೀರಿನ ಪಾಳಿಯಲ್ಲಿ ರಾಗ ಮುಗಿದ ಮೇಲೆ, ಟ್ಯಾಂಕರು ಬರುವ ಮುಂಚೆ, ವಾರ್ಡಿನ ಒಬ್ಬ ನಾಗರಿಕರು ಒಣ ನಳದ ಮುಂದೆ ನಿಂತು ನಗತಕ್ಕದ್ದು. ಯಾರು ಯಾವತ್ತು ಎಂಬ ಪಟ್ಟಿ ಸೂಚನಾ ಫಲಕದಲ್ಲಿ ಇರುತ್ತದೆ. ನಗಲು ಆಗದವರು ಸರಕಾರಿ ದವಾಖಾನಿಯಿಂದ ಚೀಟಿ ತರಬೇಕು. ನಾಲ್ಕನೇ ದರ್ಜೆಯವರು ಮದುವೆಗಳನ್ನೆಲ್ಲ ತಮ್ಮ ವಾರ್ಡಿನ ಪಾಳಿಯ ದಿನವೇ ಇಟ್ಟುಕೊಳ್ಳುತ್ತಾರೆ, ಸುರಗಿಗೆ ವಾದ್ಯ ಸಿಗುತ್ತದೆ, ನಗುವವರಿಗೂ ಸುಲಭವಾಗುತ್ತದೆ. ಪಂಚಾಂಗದವರು ಈ ವರ್ಷ ನಮ್ಮ ಪಾಳಿಯ ಪಟ್ಟಿ ತರಿಸಿಕೊಂಡಿದ್ದಾರೆ. ಹುದ್ದೆಯ ವಾರಸುದಾರನೆಂದು ಭಾಗಣ್ಣನ ಅಳಿಯ ಬಸವಕುಮಾರನಿಗೆ ನೋಟೀಸು ಹೋಗಿದೆ, ಅವನು ರಜೆಯ ದಿನ ಬಂದು ಅಭಿಯಂತರರ ಮೀಟರಿಗೆ ಊದುವ ರೂಢಿ ಮಾಡುತ್ತಿದ್ದಾನೆ. ಮೊನ್ನೆ ಮುಳ್ಳು ಕಾಲು ಭಾಗ ಎದ್ದಿತು. ದಾವಲಬೀ ಕಳೆದ ಪಾಳಿಯಲ್ಲಿ ಎಷ್ಟು ಚೆಂದ ನಕ್ಕರೆಂದರೆ ಸಾಹುಕಾರ್ರು ಶಾಲು ಹೊದಿಸಿದರು.

ಬರುವ ಬುಧವಾರ ಹನ್ನೊಂದನೇ ವಾರ್ಡಿನ ಪಾಳಿ. ಆ ವಾರ್ಡಿನವಳು ನಾನು, ಪಟ್ಟಿಯಲ್ಲಿ ಹೆಸರು ಬಂದಿದೆ. ಭಾಗಣ್ಣ ಮೆಟ್ಟಿಲಿಳಿದು ಬಂದಾಗ ವಿಷಯ ಹೇಳಿದೆ. "ನಿಮಗ ರೂಢಿ ಇಲ್ಲ ಅಕ್ಕೋರ, ನೀವು ನಗೂತನಕ ನಾ ಊದ್ತೀನಿ ಬಿಡ್ರಿ," ಎಂದ. ಎಷ್ಟು ಹೊತ್ತಾದರೂ ಊದಲು ಅನುಮತಿ ಕೋರಿ ಅವನು ಕೊಟ್ಟ ಅರ್ಜಿಯನ್ನು ಸಭೆಯ ಮುಂದೆ ಮಂಡಿಸಲಾಯಿತು. ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.